ಎರಡು ಸಲ ಕಟ್ಟಿದ, ಎರಡು ಸಲ ಮುಳುಗಿದ ಹಡಗು

1913ರಲ್ಲಿ ಜರ್ಮನಿಯ ಪಾಪೆನ್‌ಬರ್ಗ್ ಊರಿನ ಮೇಯರ್ ಶಿಪ್‌ಯಾರ್ಡಿನಲ್ಲಿ ಒಂದು ಉಗಿಹಡಗನ್ನು ತಲೆಯಿಂದ ಬುಡದವರೆಗೆ ಜೋಡಿಸಿದರು. ಎಲ್ಲ ಸರಿಯಾಗಿ ಕೂತಿದೆ ಎಂದು ಖಾತ್ರಿಯಾದ ಮೇಲೆ ಅದನ್ನು ನೀರಿಗೆ ಇಳಿಸದೆ ಮತ್ತೆ ಬಿಚ್ಚಿದರು. ಬಿಚ್ಚುವುದಕ್ಕೆಂದೇ ಕಟ್ಟಿದ ಹಡಗು ಅದು. ತಗಡುಗಳನ್ನು ರಿವೆಟ್ ಹೊಡೆದು ಬೆಸೆದಿರಲಿಲ್ಲ, ಬೋಲ್ಟ್ ಹಾಕಿ ಹಿಡಿದಿಟ್ಟಿದ್ದರಷ್ಟೆ. ಪ್ರತಿ ಭಾಗಕ್ಕೂ ಗುರುತು ಹಾಕಿ, ಸುಮಾರು 5,000 ಮರದ ಪೆಟ್ಟಿಗೆಗಳಲ್ಲಿ ತುಂಬಿ, ಹ್ಯಾಂಬರ್ಗ್ ಬಂದರಿನಿಂದ ಪೂರ್ವ ಆಫ್ರಿಕದ ದಾರ್ ಎಸ್ ಸಲಾಮ್‌ಗೆ ಸಾಗಿಸಿದರು. ಅಲ್ಲಿಂದ ಸುಮಾರು 1,250 ಕಿಲೋಮೀಟರ್ ಒಳನಾಡಿಗೆ ರೈಲಿನಲ್ಲಿ ಹೋದ ಆ ಪೆಟ್ಟಿಗೆಗಳು ಟಾಂಗನಿಕಾ ಸರೋವರದ ದಡದ ಕಿಗೋಮಾದಲ್ಲಿ ಇಳಿದವು. ಹಡಗನ್ನು ಎರಡನೇ ಸಲ ಕಟ್ಟಿದ್ದು ಅಲ್ಲಿ. ಇಂದು ಅದರ ಹೆಸರು ಲಿಯೆಂಬಾ.

ಇಷ್ಟೆಲ್ಲ ಪಾಡು ಯಾಕೆ ಬೇಕಿತ್ತು ಎಂದರೆ, ಆ ಸರೋವರವನ್ನು ಒಮ್ಮೆ ನಕ್ಷೆಯಲ್ಲಿ ನೋಡಬೇಕು. ಉತ್ತರ ದಕ್ಷಿಣವಾಗಿ ಸುಮಾರು 670 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡ ನೀರು. ಅಗಲ ಸರಾಸರಿ 50 ಕಿಲೋಮೀಟರ್. ಆಳವಾದ ಕಡೆ 1,470 ಮೀಟರ್. ಸೈಬೀರಿಯಾದ ಬೈಕಲ್ ಬಿಟ್ಟರೆ ಜಗತ್ತಿನಲ್ಲಿ ಇದಕ್ಕಿಂತ ಆಳದ ಸರೋವರ ಇಲ್ಲ. ಎರಡೂ ಬದಿಗೆ ಕಡಿದಾದ ಬೆಟ್ಟಗಳು, ಅನೇಕ ಕಡೆ ಅವು ನೇರ ನೀರಿಗೇ ಇಳಿಯುತ್ತವೆ. ಅಂಥ ದಡದಲ್ಲಿ ರಸ್ತೆ ಮಾಡುವುದು ಸುಲಭವಲ್ಲ. ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗಬೇಕಾದರೆ ನೀರೇ ದಾರಿ. ಸಮುದ್ರದಿಂದ ಈ ಸರೋವರಕ್ಕೆ ಹಡಗು ಬರುವಂಥ ಜಲಮಾರ್ಗವೂ ಇಲ್ಲ. ಹಾಗಾಗಿ ಇಲ್ಲಿ ದೊಡ್ಡ ಹಡಗು ಓಡಬೇಕಾದರೆ ಅದನ್ನು ತುಂಡು ಮಾಡಿ ನೆಲದ ಮೇಲೆಯೇ ತರಬೇಕು.

ಒಳನಾಡಿನ ಸರೋವರಗಳ ಹಳೆಯ ಉಗಿಹಡಗುಗಳಲ್ಲಿ ಹಲವುಗಳದು ಇದೇ ಜಾತಕ. ಪೆರು ದೇಶದ ಟಿಟಿಕಾಕಾ ಸರೋವರದ ಯಾವರಿ ಹಡಗು 1862ರಲ್ಲಿ ಇಂಗ್ಲೆಂಡಿನಿಂದ ತುಂಡುತುಂಡಾಗಿ ಹೊರಟು, ಹೇಸರಗತ್ತೆಗಳ ಬೆನ್ನೇರಿ ಆಂಡೀಸ್ ಪರ್ವತ ದಾಟಿ, 3,800 ಮೀಟರ್ ಎತ್ತರದ ಪುನೋ ಪಟ್ಟಣ ಸೇರಿತು. ನೀರಿಗಿಳಿದದ್ದು 1870ರ ಕ್ರಿಸ್‌ಮಸ್ ದಿನ. ಒಂದು ಹೇಸರಗತ್ತೆ ಹೊರಬಲ್ಲಷ್ಟು ಭಾರಕ್ಕಿಂತ ಹೆಚ್ಚಿನ ತುಂಡು ಇರಬಾರದು ಎಂಬ ಲೆಕ್ಕದಲ್ಲೇ ಅದನ್ನು ತಯಾರಿಸಿದ್ದರು. ಅಲ್ಲಿ ಕಲ್ಲಿದ್ದಲು ಸಿಗದ ಕಾರಣ ಬಾಯ್ಲರಿಗೆ ಹಾಕುತ್ತಿದ್ದದ್ದು ಲಾಮಾ ಪ್ರಾಣಿಯ ಒಣಗಿದ ಲದ್ದಿ. ನ್ಯೂಜಿಲೆಂಡಿನ ವಾಕಟಿಪು ಸರೋವರದ ಅರ್ನ್‌ಸ್ಲಾ ಹಡಗೂ ಡುನೆಡಿನ್ ಊರಿನಲ್ಲಿ ತಯಾರಾಗಿ, ಬಿಡಿಭಾಗಗಳಾಗಿ ರೈಲು ಹತ್ತಿ ಬಂದು, 1912ರಲ್ಲಿ ನೀರಿಗಿಳಿಯಿತು. ಅದು ಇವತ್ತಿಗೂ ಕಲ್ಲಿದ್ದಲು ಉರಿಸಿಕೊಂಡೇ ಪ್ರವಾಸಿಗರನ್ನು ಹೊತ್ತು ಓಡುತ್ತದೆ. ಆದರೆ ಲಿಯೆಂಬಾ ಪಟ್ಟಷ್ಟು ಪಾಡನ್ನು ಈ ಸಾಲಿನ ಬೇರೆ ಯಾವ ಹಡಗೂ ಪಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಿಗೋಮಾಕ್ಕೆ ಮೇಯರ್ ಕಂಪನಿ ತನ್ನ ಮೂವರು ಕೆಲಸಗಾರರನ್ನು ಕಳಿಸಿತು: ಮೇಸ್ತ್ರಿ ಆಂಟನ್ ರ‍್ಯೂಟರ್, ಜತೆಗೆ ರುಡಾಲ್ಫ್ ಟೆಲ್‌ಮನ್ ಮತ್ತು ಹರ್ಮನ್ ವೆಂಟ್. ಇವರ ಉಸ್ತುವಾರಿಯಲ್ಲಿ ಸ್ಥಳೀಯ ಆಫ್ರಿಕನ್ ಕೆಲಸಗಾರರೂ ಭಾರತೀಯ ಕುಶಲಕರ್ಮಿಗಳೂ ದುಡಿದರು. ಆಗಿನ ಜರ್ಮನ್ ಪೂರ್ವ ಆಫ್ರಿಕದಲ್ಲಿ ಭಾರತೀಯರು ಹೊಸಬರೇನಲ್ಲ. ಕರಾವಳಿಯ ವ್ಯಾಪಾರದಲ್ಲಿ ಗುಜರಾತಿ ವರ್ತಕರ ಕೈ ಎಷ್ಟು ಬಲವಾಗಿತ್ತೆಂದರೆ, ಜರ್ಮನ್ನರು ಅಲ್ಲಿ ತಮ್ಮ ಮಾರ್ಕ್ ಬದಲು ರೂಪಾಯಿಯನ್ನೇ ಚಲಾವಣೆಯಲ್ಲಿ ಇಟ್ಟಿದ್ದರು.

ರಿವೆಟ್ ಹೊಡೆಯುವುದು ಎಂಥ ಕೆಲಸ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದಪ್ಪ ತಲೆಯ ಕಬ್ಬಿಣದ ಮೊಳೆಯನ್ನು ಕುಲುಮೆಯಲ್ಲಿ ಕೆಂಡದ ಹಾಗೆ ಕಾಯಿಸಬೇಕು. ಇಕ್ಕಳದಲ್ಲಿ ಹಿಡಿದು ಎರಡು ತಗಡುಗಳ ತೂತು ಒಂದಕ್ಕೊಂದು ಸೇರುವ ಕಡೆ ತೂರಿಸಬೇಕು. ಒಬ್ಬ ಒಳಗಿನಿಂದ ಭಾರವಾದ ಕಬ್ಬಿಣ ಒತ್ತಿಹಿಡಿದರೆ, ಇನ್ನೊಬ್ಬ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದು ಅದರ ತುದಿಯನ್ನು ಚಪ್ಪಟೆ ಮಾಡಬೇಕು. ಇದೆಲ್ಲ ಮೊಳೆ ಆರುವುದರೊಳಗೆ ಮುಗಿಯಬೇಕು. ಆರುತ್ತಾ ಆರುತ್ತಾ ಮೊಳೆ ಕುಗ್ಗುತ್ತದೆ. ಕುಗ್ಗುವಾಗ ಎರಡೂ ತಗಡುಗಳನ್ನು ಎಳೆದು ಬಿಗಿಯುತ್ತದೆ. ಒಂದು ರಿವೆಟ್ ಸಡಿಲವಾದರೂ ಅಲ್ಲಿ ನೀರು ಜಿನುಗುತ್ತದೆ. ಸುಮಾರು 70 ಮೀಟರ್ ಉದ್ದದ ಹಡಗಿಗೆ ಸಮಭಾಜಕ ವೃತ್ತದ ಹತ್ತಿರದ ಆ ಬಿಸಿಲಿನಲ್ಲಿ, ಕುಲುಮೆಯ ಪಕ್ಕ ನಿಂತು, ಸಾವಿರಾರು ರಿವೆಟ್ ಬಡಿದವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರು ಬಡಿದ ಒಡಲು ನೂರು ವರ್ಷ ದಾಟಿ ಉಳಿದಿದೆ.

1915ರ ಫೆಬ್ರವರಿ 5ರಂದು ಹಡಗು ನೀರಿಗಿಳಿಯಿತು. ಆಗ ಅದಕ್ಕಿಟ್ಟ ಹೆಸರು ಗ್ರಾಫ್ ಫಾನ್ ಗೋಟ್ಸೆನ್. 1901ರಿಂದ 1906ರವರೆಗೆ ಆ ವಸಾಹತಿನ ಗವರ್ನರ್ ಆಗಿದ್ದವನ ಹೆಸರು ಅದು. ಜರ್ಮನ್ ಆಳ್ವಿಕೆಯ ವಿರುದ್ಧ ಸ್ಥಳೀಯರು ಎದ್ದ ‘ಮಾಜಿ ಮಾಜಿ’ ಎಂಬ ದಂಗೆಯನ್ನು ಹತ್ತಿಕ್ಕಲು ಬೆಳೆ ಸುಟ್ಟು, ಊರು ಬರಿದು ಮಾಡಿ, ದಕ್ಷಿಣದ ಸೀಮೆಗೆ ಬರಗಾಲ ತಂದದ್ದು ಅವನ ಕಾಲದಲ್ಲೇ. ಅಂಥವನ ಹೆಸರು ಈ ಹಡಗಿಗೆ ಬಹಳ ಕಾಲ ಅಂಟಿಕೊಳ್ಳಲಿಲ್ಲ ಎಂಬುದು ನನಗೆ ಸಮಾಧಾನದ ವಿಷಯ.

ಹಡಗು ಕಟ್ಟುವ ಯೋಚನೆ ಹುಟ್ಟಿದಾಗ ಉದ್ದೇಶ ಜನ ಮತ್ತು ಸರಕು ಸಾಗಣೆ. ರೈಲು ತಂದು ಸುರಿಯುವುದನ್ನು ಸರೋವರದ ಉದ್ದಗಲಕ್ಕೂ ಹಂಚಬೇಕು, ಅಲ್ಲಿಂದ ಬಂದದ್ದನ್ನು ರೈಲಿಗೆ ಏರಿಸಬೇಕು. ಆದರೆ ರಿವೆಟ್ ಬಡಿಯುತ್ತಿರುವಾಗಲೇ, 1914ರ ಆಗಸ್ಟಿನಲ್ಲಿ, ಮೊದಲ ಮಹಾಯುದ್ಧ ಸುರುವಾಯಿತು. ಅದೇ ನವೆಂಬರಿನಲ್ಲಿ ಈ ವಸಾಹತಿನ ಟಾಂಗಾ ಬಂದರಿನ ಮೇಲೆ ಬ್ರಿಟಿಷರು ಭಾರತದಿಂದ ಸೈನ್ಯ ತಂದು ದಾಳಿ ಮಾಡಿ ಸೋತರು. ಆ ಸೈನ್ಯದಲ್ಲಿ ಬೆಂಗಳೂರು ಬ್ರಿಗೇಡ್ ಇತ್ತು. ನಮ್ಮ ದಂಡು ಪ್ರದೇಶದಿಂದ ಹೊರಟ ಆ ಬ್ರಿಗೇಡ್ ಕಂಡದ್ದು ಪೂರ್ವ ಆಫ್ರಿಕದ ಕರಾವಳಿ; ಒಳನಾಡಿನ ಈ ಸರೋವರದ ದಡದಲ್ಲಿ ಯುದ್ಧಕ್ಕೆ ಬೇರೆಯೇ ಬಣ್ಣವಿತ್ತು. ಇಲ್ಲಿ ಪೂರ್ವ ದಡ ಜರ್ಮನ್ನರದು, ಪಶ್ಚಿಮ ದಡ ಬೆಲ್ಜಿಯನ್ನರ ಕಾಂಗೋ. ಯಾರ ಹಡಗು ದೊಡ್ಡದೋ ಅವರದೇ ಸರೋವರ. ರುಫಿಜಿ ನದೀಮುಖದಲ್ಲಿ ಹಾಳಾದ ಕೋನಿಗ್ಸ್‌ಬರ್ಗ್ ಯುದ್ಧನೌಕೆಯಿಂದ ಬಿಚ್ಚಿ ತಂದ 10.5 ಸೆಂಟಿಮೀಟರಿನ ಫಿರಂಗಿಯನ್ನು ಗೋಟ್ಸೆನ್ ಮೇಲೆ ಕೂರಿಸಿದರು. ಪ್ರಯಾಣಿಕರ ಹಡಗು ಯುದ್ಧನೌಕೆಯಾಯಿತು.

ಸರೋವರದ ಮೇಲಿನ ಜರ್ಮನ್ನರ ಹಿಡಿತ ತಪ್ಪಿಸಲು ಬ್ರಿಟಿಷರು ಮಾಡಿದ್ದೂ ಸಣ್ಣ ಸಾಹಸವಲ್ಲ. ಮಿಮಿ ಮತ್ತು ಟೂಟೂ ಎಂಬ ಎರಡು ಮೋಟಾರ್ ದೋಣಿಗಳನ್ನು ಲಂಡನ್ನಿನಿಂದ ಕೇಪ್‌ಟೌನಿಗೆ ತಂದು, ರೈಲಿನಲ್ಲಿ ಕಾಂಗೋದವರೆಗೆ ಒಯ್ದು, ಅಲ್ಲಿಂದ ಉಗಿ ಟ್ರಾಕ್ಟರುಗಳಿಂದಲೂ ಎತ್ತುಗಳಿಂದಲೂ ಎಳೆಸಿ ಮಿಟುಂಬಾ ಬೆಟ್ಟಸಾಲು ದಾಟಿಸಿದರು. ದಾರಿಯುದ್ದಕ್ಕೂ ಸೇತುವೆ ಕಟ್ಟಿಕೊಂಡೇ ಹೋಗಬೇಕಾಯಿತು. ಜೆಫ್ರಿ ಸ್ಪೈಸರ್ ಸಿಮ್ಸನ್ ಎಂಬ ಅಧಿಕಾರಿಯ ಈ ತಂಡ 1915ರ ಡಿಸೆಂಬರ್ 26ರಂದು ಕಿಂಗಾನಿ ಎಂಬ ಜರ್ಮನ್ ದೋಣಿಯನ್ನು ಹಿಡಿಯಿತು, 1916ರ ಫೆಬ್ರವರಿ 9ರಂದು ಹೆಡ್ವಿಗ್ ಫಾನ್ ವಿಸ್‌ಮನ್ ಎಂಬ ಇನ್ನೊಂದನ್ನು ಮುಳುಗಿಸಿತು. ಆದರೆ ಗೋಟ್ಸೆನ್ ಎದುರಿಗೆ ಬಂದಾಗ ಸ್ಪೈಸರ್ ಸಿಮ್ಸನ್ ಕಾದಾಡಲಿಲ್ಲ.

ಗೋಟ್ಸೆನ್ ಕತೆ ಮುಗಿದದ್ದು ದಡದಿಂದ. ಬೆಲ್ಜಿಯನ್ ಸೇನೆ ನೆಲದ ಮೇಲೆ ಮುನ್ನುಗ್ಗುತ್ತಿತ್ತು, ವಿಮಾನಗಳು ಕಿಗೋಮಾ ಮೇಲೆ ಬಾಂಬ್ ಹಾಕುತ್ತಿದ್ದವು. ಊರು ಬಿಟ್ಟು ಹಿಂದೆ ಸರಿಯುವುದು ಜರ್ಮನ್ನರಿಗೆ ಅನಿವಾರ್ಯವಾಯಿತು. ಹಡಗು ಶತ್ರುವಿನ ಕೈ ಸೇರಬಾರದು, ಮುಳುಗಿಸಿ ಎಂಬ ಅಪ್ಪಣೆ ಬಂತು. ಆ ಕೆಲಸ ಬಿದ್ದದ್ದು ಅದನ್ನು ಕಟ್ಟಿದ ರ‍್ಯೂಟರ್ ಮತ್ತವನ ಜತೆಗಾರರ ಮೇಲೆಯೇ.

ಹಡಗನ್ನು ಹಾಳು ಮಾಡುವುದು ಕಷ್ಟವಲ್ಲ. ಬಾಯ್ಲರಿನ ಕೆಳಗೆ ಸ್ಫೋಟಕ ಇಟ್ಟರೆ ಮುಗಿಯಿತು. ಈ ಮೂವರು ಬೇರೆ ದಾರಿ ಹಿಡಿದರು. ಇಂಜಿನ್ನಿನ ಒಂದೊಂದು ಭಾಗಕ್ಕೂ ದಪ್ಪವಾಗಿ ಗ್ರೀಸ್ ಮೆತ್ತಿದರು. ಒಡಲಿಗೆ ಮರಳು ತುಂಬಿಸಿದರು. 1916ರ ಜುಲೈ 26ರಂದು, ಕಿಗೋಮಾದ ದಕ್ಷಿಣಕ್ಕೆ, ಸುಮಾರು 20 ಮೀಟರ್ ಆಳದಲ್ಲಿ ಅದನ್ನು ಜೋಪಾನವಾಗಿ ತಳಕ್ಕೆ ಕೂರಿಸಿದರು. ಅಪ್ಪಣೆಯ ಪ್ರಕಾರ ಹಡಗು ಮುಳುಗಿತ್ತು. ಮುಂದೆ ಯಾರಾದರೂ ಎತ್ತುವುದಾದರೆ ಬಳಕೆಗೆ ಬರುವಂತೆಯೂ ಇತ್ತು.

ಅವರು ಮಾಡಿದ್ದರ ಹಿಂದೆ ಒಳ್ಳೆಯ ಲೆಕ್ಕಾಚಾರವಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ನೀರೂ ಬೇಕು, ಆಮ್ಲಜನಕವೂ ಬೇಕು. ಗ್ರೀಸಿನ ಪದರ ಎರಡನ್ನೂ ತಡೆಯುತ್ತದೆ. ಸಮುದ್ರದ ಉಪ್ಪು ನೀರಾಗಿದ್ದರೆ ತುಕ್ಕಿನ ಓಟ ಜೋರಾಗಿರುತ್ತಿತ್ತು. ಇದು ಸಿಹಿನೀರಿನ ಸರೋವರ. ಮರಳಿನ ಭಾರವಿದ್ದರೆ ಹಡಗು ಮಗುಚದೆ ತಳದಲ್ಲಿ ನಿಲ್ಲುತ್ತದೆ. 20 ಮೀಟರ್ ಆಳ ಮುಳುಗುಗಾರರ ಕೈಗೆ ಎಟುಕುವಂಥದ್ದು. ಅದೇ ಸರೋವರದ ನಡುವೆ ಮುಳುಗಿಸಿದ್ದರೆ ಒಂದು ಕಿಲೋಮೀಟರಿಗೂ ಹೆಚ್ಚು ಕೆಳಗೆ ಹೋಗಿ ಯಾರಿಗೂ ದಕ್ಕುತ್ತಿರಲಿಲ್ಲ.

ಉಗಿ ಇಂಜಿನ್ನಿನ ಸ್ವಭಾವವೂ ಅವರ ನೆರವಿಗೆ ಬಂತು. ಅದರಲ್ಲಿ ನೀರು ತಾಗಿದರೆ ಕೆಡುವ ವಿದ್ಯುತ್ ಕಿಡಿಯ ವ್ಯವಸ್ಥೆ ಇಲ್ಲ. ಒಲೆಯ ಬೆಂಕಿ ಬಾಯ್ಲರಿನ ನೀರನ್ನು ಉಗಿ ಮಾಡುತ್ತದೆ, ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ದೂಡುತ್ತದೆ, ಪಿಸ್ಟನ್ನಿನ ಹೋಗಿಬರುವ ಚಲನೆ ದಂಡದ ಮೂಲಕ ಪ್ರೊಪೆಲರನ್ನು ತಿರುಗಿಸುತ್ತದೆ. ಆ ಕಾಲದ ಹಡಗುಗಳಲ್ಲಿ ಒಂದೇ ಉಗಿಯನ್ನು ಮೂರು ಸಲ ದುಡಿಸಿಕೊಳ್ಳುವ ಪದ್ಧತಿ ಇತ್ತು. ಒತ್ತಡ ಹೆಚ್ಚಿರುವಾಗ ಸಣ್ಣ ಸಿಲಿಂಡರು, ಇಳಿದಂತೆ ನಡುವಿನದು, ಕೊನೆಗೆ ಎಲ್ಲಕ್ಕಿಂತ ದೊಡ್ಡದು. ಸರೋವರದ ಹಡಗಿಗೆ ಇನ್ನೊಂದು ಅನುಕೂಲ: ಬಾಯ್ಲರಿಗೆ ಬೇಕಾದ ಉಪ್ಪಿಲ್ಲದ ನೀರು ಸುತ್ತಲೂ ಇದೆ. ಎಲ್ಲ ಭಾಗವೂ ದಪ್ಪ, ಗಟ್ಟಿ, ಕಣ್ಣಿಗೆ ಕಾಣುವಂಥದ್ದು. ಒರೆಸಿ, ಎಣ್ಣೆ ಹಾಕಿ, ಸವೆದದ್ದನ್ನು ಬದಲಿಸಿದರೆ ಮತ್ತೆ ಓಡುತ್ತದೆ.

ಯುದ್ಧ ಮುಗಿದ ಮೇಲೆ ಬೆಲ್ಜಿಯನ್ನರು ಹಡಗನ್ನು ಮೇಲೆತ್ತಿ ಕಿಗೋಮಾಕ್ಕೆ ಎಳೆದು ತಂದರು. ಅಲ್ಲಿ ಅದು ಬಿರುಗಾಳಿಗೆ ಸಿಕ್ಕು ಎರಡನೇ ಸಲ ಮುಳುಗಿತು. ಆ ಸೀಮೆ ಬ್ರಿಟಿಷರ ಆಡಳಿತಕ್ಕೆ ಬಂದ ಮೇಲೆ, 1924ರ ಮಾರ್ಚ್ 16ರಂದು ಅವರು ಅದನ್ನು ಮತ್ತೆ ಮೇಲೆತ್ತಿದರು. ಕೆಸರು ತೊಳೆದು ನೋಡಿದರೆ ಇಂಜಿನ್ನುಗಳೂ ಬಾಯ್ಲರುಗಳೂ ದುರಸ್ತಿಗೆ ಒಗ್ಗುವ ಸ್ಥಿತಿಯಲ್ಲಿದ್ದವು. ಎಂಟು ವರ್ಷದ ಹಿಂದೆ ಮೆತ್ತಿದ ಗ್ರೀಸ್ ತನ್ನ ಕೆಲಸ ಮಾಡಿತ್ತು. 1927ರ ಮೇ 16ರಂದು, ಸರೋವರದ ಹಳೆಯ ಹೆಸರುಗಳಲ್ಲಿ ಒಂದಾದ ಲಿಯೆಂಬಾ ಎಂಬ ಹೆಸರಿನಲ್ಲಿ, ಅದು ಮತ್ತೆ ಓಡಾಟ ಸುರು ಮಾಡಿತು. ಗವರ್ನರನ ಹೆಸರು ಅಲ್ಲಿಗೆ ಹೋಯಿತು.

ಸಿ. ಎಸ್. ಫಾರೆಸ್ಟರ್ 1935ರಲ್ಲಿ ಬರೆದ ‘ದಿ ಆಫ್ರಿಕನ್ ಕ್ವೀನ್’ ಕಾದಂಬರಿಗೂ, 1951ರಲ್ಲಿ ಜಾನ್ ಹ್ಯೂಸ್ಟನ್ ತೆಗೆದ ಅದರ ಸಿನಿಮಾಕ್ಕೂ ಪ್ರೇರಣೆ ಈ ಸರೋವರದ ಯುದ್ಧವೇ. ಅದರಲ್ಲಿ ಬರುವ ಜರ್ಮನ್ ಹಡಗಿನ ಹಿಂದೆ ಇರುವುದು ಗೋಟ್ಸೆನ್. ಹಾಗಾಗಿ ಲಿಯೆಂಬಾ ಬಗ್ಗೆ ಯಾರು ಬರೆದರೂ ಬಹುಮಟ್ಟಿಗೆ ಆ ಸಿನಿಮಾದ ನಾಯಕ ಹಂಫ್ರಿ ಬೋಗಾರ್ಟ್‌ನಿಂದ ಸುರು ಮಾಡಿ ಫಿರಂಗಿಯಲ್ಲಿ ಮುಗಿಸುತ್ತಾರೆ. ನನಗೆ ಇದು ಅನ್ಯಾಯವೆನಿಸುತ್ತದೆ. ಹಡಗಿನ ಮೇಲೆ ಫಿರಂಗಿ ಇದ್ದದ್ದು ಒಂದು ವರ್ಷವೂ ಅಲ್ಲ. 1927ರಿಂದ ಈಚೆಗೆ ಅದು ಹೊತ್ತದ್ದು ಬಸುರಿಯರನ್ನು, ಶಾಲೆಗೆ ಹೊರಟ ಹುಡುಗರನ್ನು, ಮೀನಿನ ಮೂಟೆಗಳನ್ನು, ಮೆಕ್ಕೆಜೋಳವನ್ನು, ಅನಾನಸ್ ಹಣ್ಣುಗಳನ್ನು, ಹಾಸಿಗೆ, ಸೈಕಲ್, ಕೋಳಿಗಳನ್ನು. ಬರೆಯಬೇಕಾದ ಚರಿತ್ರೆ ಇದು.

ಟಾಂಜಾನಿಯಾದ ಕಿಗೋಮಾದಿಂದ ಜಾಂಬಿಯಾದ ಎಂಪುಲುಂಗುವರೆಗೆ ಅದರ ಮುಖ್ಯ ದಾರಿಯಾಗಿತ್ತು. ಎರಡು ಮೂರು ದಿನದ ಪಯಣ. ದಾರಿಯಲ್ಲಿ ನಿಲ್ಲುತ್ತಿದ್ದ ಹಳ್ಳಿಗಳಲ್ಲಿ ಹೆಚ್ಚಿನವಕ್ಕೆ ಜೆಟ್ಟಿಯೇ ಇರಲಿಲ್ಲ. ಹಡಗು ದಡದಿಂದ ದೂರ ನೀರಿನಲ್ಲೇ ನಿಂತು ಹಾರ್ನ್ ಊದುತ್ತಿತ್ತು. ಹಗಲಾಗಲಿ ನಡುರಾತ್ರಿಯಾಗಲಿ, ಆ ಸದ್ದಿಗೆ ಇಡೀ ಊರು ಎದ್ದು ದಡಕ್ಕೆ ಬರುತ್ತಿತ್ತು. ಮರದ ದೋಣಿಗಳು ತುಂಬಿಕೊಂಡು ಹೊರಟು ಹಡಗಿನ ಮಗ್ಗುಲಿಗೆ ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಮೊದಲು ಬಂದ ದೋಣಿಗೆ ಹಡಗಿನ ಬಾಗಿಲು ಸಿಗುತ್ತಿತ್ತು; ಹಿಂದಿನವರು ಮುಂದಿನವರ ದೋಣಿಗಳನ್ನು ತುಳಿದು ದಾಟಿ ಬರಬೇಕಿತ್ತು. ಹತ್ತುವವರು ಮೇಲೆ ಕೈಚಾಚಿದರೆ ಇಳಿಯುವವರು ಕೆಳಗೆ ಕಾಲು ಚಾಚುತ್ತಿದ್ದರು. ಮಗುವನ್ನು ಮೊದಲು ಒಬ್ಬರ ಕೈಗೆ ದಾಟಿಸಿ, ಆಮೇಲೆ ಗಂಟು, ಆಮೇಲೆ ತಾಯಿ. ಗುರುತಿಲ್ಲದವರ ಕೈಗೆ ಮಗುವನ್ನು ಕೊಡುವಾಗ ಅಲ್ಲಿ ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಇತ್ತ ಮುಂಭಾಗದ ಕ್ರೇನ್ ಬಲೆಯಲ್ಲಿ ಮೂಟೆಗಳನ್ನು ಕಟ್ಟಿ ಎತ್ತುತ್ತಿತ್ತು. ಡಗಾ ಎನ್ನುವ ಬೆರಳುದ್ದದ ಬೆಳ್ಳಿಬಣ್ಣದ ಮೀನನ್ನು ಒಣಗಿಸಿ ಚೀಲ ತುಂಬಿ ಕಳಿಸುವುದು ಈ ದಡದ ದೊಡ್ಡ ವ್ಯಾಪಾರ. ಅದರ ವಾಸನೆ ಹಡಗಿನ ತುಂಬ. ಕೆಲಸ ಮುಗಿದೊಡನೆ ಹಡಗು ಹೊರಡುತ್ತಿತ್ತು, ತಡವಾದ ದೋಣಿಯವರು ಮುಂದಿನ ಸರದಿಗೆ ಕಾಯಬೇಕಿತ್ತು.

ಇಂಥ ಕಡೆ ಹಡಗಿನ ವೇಳಾಪಟ್ಟಿಯೇ ಊರಿನ ಸಂತೆಯ ದಿನವನ್ನು ನಿಶ್ಚಯಿಸುತ್ತಿತ್ತು. ಮೀನು ಎಂದು ಹಿಡಿಯಬೇಕು, ಎಂದು ಒಣಗಿಸಿ ಮುಗಿಸಬೇಕು, ಕಾಯಿಲೆಯವರನ್ನು ಪಟ್ಟಣದ ಆಸ್ಪತ್ರೆಗೆ ಎಂದು ಹೊರಡಿಸಬೇಕು ಎಂಬುದೆಲ್ಲ ಹಡಗು ಬರುವ ದಿನವನ್ನು ನೋಡಿ ತೀರ್ಮಾನವಾಗುತ್ತಿತ್ತು.

1970ರ ದಶಕದ ಕೊನೆಗೆ ಉಗಿ ಇಂಜಿನ್ನುಗಳ ಕಾಲ ಮುಗಿಯಿತು. ಅವನ್ನು ತೆಗೆದು ಡೀಸೆಲ್ ಇಂಜಿನ್ ಕೂರಿಸಿದರು. 1993ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಇನ್ನೊಂದು ಸುತ್ತಿನ ದೊಡ್ಡ ದುರಸ್ತಿ ನಡೆಯಿತು. ಹಳೆಯ ಯಂತ್ರಗಳನ್ನು ಪ್ರೀತಿಸುವವರಿಗೆ ಈ ಬದಲಾವಣೆ ಸಂಕಟದ ಸಂಗತಿ. ಗ್ರೀಸ್ ಹಚ್ಚಿ ಕಾಪಾಡಿದ, ನೀರಿನಡಿ ವರ್ಷಗಟ್ಟಲೆ ಉಳಿದ ಇಂಜಿನ್ನುಗಳೇ ಹೋದ ಮೇಲೆ ಏನುಳಿಯಿತು ಎಂದು ಅವರು ಕೇಳುತ್ತಾರೆ. ಅವರ ಸಂಕಟ ನನಗೂ ಅರ್ಥವಾಗುತ್ತದೆ. ಅಂಥ ಇಂಜಿನ್ ಓಡುವುದನ್ನು ನೋಡುವ ಸುಖವೇ ಬೇರೆ. ಆದರೆ ಉಗಿಯನ್ನು ಉಳಿಸಿಕೊಂಡ ಸರೋವರದ ಹಡಗುಗಳು ಬಹುಪಾಲು ಪ್ರವಾಸಿಗರ ದುಡ್ಡಿನಿಂದ ಉಳಿದಿವೆ. ಅರ್ನ್‌ಸ್ಲಾ ಹತ್ತುವವರು ಹಡಗನ್ನು ನೋಡಲೆಂದೇ ಹತ್ತುತ್ತಾರೆ. ಲಿಯೆಂಬಾ ಹತ್ತುತ್ತಿದ್ದವರಿಗೆ ಎಲ್ಲಿಗೋ ಹೋಗಬೇಕಾಗಿರುತ್ತಿತ್ತು. ಬಾಯ್ಲರ್ ಹೋದರೂ ಆ ಪ್ರಯಾಣಿಕರು ಉಳಿದರು. ನನ್ನ ಮಟ್ಟಿಗೆ ಇವೆರಡರಲ್ಲಿ ಲಿಯೆಂಬಾ ಉಳಿದ ಬಗೆಯೇ ದೊಡ್ಡದು.

ಅದರ ಬೆಲೆ ಏನೆಂದು ಸರೋವರದ ಸುತ್ತಲ ಕಷ್ಟಕಾಲಗಳು ತೋರಿಸಿವೆ. ಮೊದಲ ಕಾಂಗೋ ಯುದ್ಧಕ್ಕೆ ಹೆದರಿ ಟಾಂಜಾನಿಯಾಕ್ಕೆ ಬಂದಿದ್ದ 75,000ಕ್ಕೂ ಹೆಚ್ಚು ಮಂದಿಯನ್ನು 1997ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಇದೇ ಹಡಗಿನಲ್ಲಿ ತಿರುಗಿ ಊರಿಗೆ ಕಳಿಸಿತು. 2015ರ ಮೇ ತಿಂಗಳಲ್ಲಿ ಬುರುಂಡಿಯ ರಾಜಕೀಯ ಗಲಭೆಯಿಂದ ತಪ್ಪಿಸಿಕೊಂಡವರು ಗಡಿಯಾಚೆಯ ಕಗುಂಗಾ ಎಂಬ ಮೀನುಗಾರರ ಹಳ್ಳಿಗೆ ಬಂದು ಸೇರಿದರು. ಕೆಲವೇ ದಿನಗಳಲ್ಲಿ ಅಲ್ಲಿ ಹತ್ತಾರು ಸಾವಿರ ಜನ. ಹಿಂದೆ ಬೆಟ್ಟ, ಮುಂದೆ ನೀರು, ನಡುವೆ ಕಿರಿದಾದ ದಡ. ಕುಡಿಯುವ ನೀರಿಲ್ಲ, ಶೌಚಾಲಯವಿಲ್ಲ; ಕಾಲರಾ ಹಬ್ಬಿತು. ಲಾರಿ ಬರುವಂಥ ರಸ್ತೆ ಆ ಹಳ್ಳಿಗೆ ಇರಲಿಲ್ಲ. ನೂರು ವರ್ಷ ತುಂಬಿದ್ದ ಲಿಯೆಂಬಾ ಒಂದೊಂದು ಸಲಕ್ಕೆ ಸುಮಾರು 600 ಜನರನ್ನು ಹೊತ್ತು ಕಿಗೋಮಾಕ್ಕೆ ಓಡಾಡಿತು. ಇಲ್ಲಿಯೂ ಜೆಟ್ಟಿ ಇಲ್ಲ; ನಿಶ್ಶಕ್ತರಾದವರನ್ನು ಸಣ್ಣ ದೋಣಿಗಳಲ್ಲಿ ತಂದು ಹಡಗಿಗೆ ಹತ್ತಿಸಬೇಕಿತ್ತು.

ಇತ್ತೀಚಿನ ವರ್ಷಗಳಲ್ಲಿ ಹಡಗು ದೊಡ್ಡ ದುರಸ್ತಿಗಾಗಿ ಕಿಗೋಮಾದಲ್ಲಿ ನಿಂತಿದೆ. ಟಾಂಜಾನಿಯಾ ಸರ್ಕಾರ ಅದನ್ನು ಮತ್ತೆ ಓಡಿಸುವುದಾಗಿ ಹೇಳಿಕೊಂಡು ಬಂದಿದೆ. ಇಷ್ಟು ಹಳೆಯ ಹಡಗನ್ನು ಮ್ಯೂಸಿಯಂ ಮಾಡಿ ಇಟ್ಟುಬಿಡಿ ಎನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಜರ್ಮನ್ ಚಕ್ರಾಧಿಪತ್ಯದ ನೌಕಾಪಡೆಯಲ್ಲಿದ್ದು ಇಷ್ಟು ಕಾಲ ದುಡಿದ ಹಡಗು ಬೇರೊಂದಿಲ್ಲ ಎಂಬುದು ಆ ಮಾತಿಗೆ ಕಾರಣ. ಆದರೆ ಆ ನೌಕಾಪಡೆಗೆ ಅದು ಸೇರಿದ್ದದ್ದು ಒಂದೂವರೆ ವರ್ಷಕ್ಕೂ ಕಡಿಮೆ, ಸರೋವರದ ಜನಕ್ಕೆ ಸೇರಿರುವುದು ಹತ್ತಿರ ಹತ್ತಿರ ನೂರು ವರ್ಷ. ದಡದ ಹಳ್ಳಿಗಳಿಗೆ ಈಗ ಅಲ್ಲಲ್ಲಿ ರಸ್ತೆ ಬಂದಿದೆ, ಎಲ್ಲ ಕಡೆಗೂ ಬಂದಿಲ್ಲ. ರಸ್ತೆ ಬಾರದ ಊರಿನವರು ಹೊರಗೆ ಹೋಗಬೇಕಾದರೆ ಮೋಟಾರ್ ಕಟ್ಟಿದ ಮರದ ದೋಣಿಗಳನ್ನೇ ನಂಬಬೇಕು. ಮೂಟೆ, ಜನ ಎರಡನ್ನೂ ಅಂಚಿನವರೆಗೆ ತುಂಬಿಕೊಂಡು ಹೊರಡುವ ಅವು ಗಾಳಿ ಎದ್ದರೆ ಮಗುಚುತ್ತವೆ. ದುರಸ್ತಿಯ ಖರ್ಚು ಎಷ್ಟೇ ಆಗಲಿ, ಲಿಯೆಂಬಾಕ್ಕೆ ಹಾಕುವ ಹಣ ಮೊದಲು ಆ ದೋಣಿಗಳಲ್ಲಿ ಕೂರುವವರ ಹೆಸರಿನಲ್ಲಿ ಖರ್ಚಾಗಬೇಕು.